ಆ ರಾತ್ರಿ ಏನಾಯ್ತು ಅನ್ನೋದು ಬಿಡಿ, ಎಫಿ ಹೊರಗೆ ಬಂದಿದ್ದು ಹೇಗೆ?

1999ರಲ್ಲಿ ನ್ಯೂಯಾರ್ಕ್‌ನ ಆಫ್-ಬ್ರಾಡ್‌ವೇಯಲ್ಲಿ, ಅಂದರೆ ಬ್ರಾಡ್‌ವೇಗಿಂತ ಚಿಕ್ಕ ರಂಗಮಂದಿರಗಳ ವಲಯದಲ್ಲಿ, ‘ದಿ ಕೌಂಟೆಸ್’ ಅನ್ನುವ ನಾಟಕ ಶುರುವಾಯಿತು. ಬರೆದವರು ಗ್ರೆಗರಿ ಮರ್ಫಿ. ಹಾಡು ಕುಣಿತ ಇಲ್ಲ, ಬರೀ ಮಾತಿನ ಮೇಲೆ ನಿಂತ ನಾಟಕ. ಆದರೂ 600ಕ್ಕೂ ಜಾಸ್ತಿ ಪ್ರದರ್ಶನ ಕಂಡಿತು. 2005ರಲ್ಲಿ ಲಂಡನ್‌ನ ಕ್ರೈಟೀರಿಯನ್ ಥಿಯೇಟರಿಗೂ ಬಂತು. ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡಬಹುದು. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಬಹು ದೊಡ್ಡ ಕಲಾವಿಮರ್ಶಕ ಜಾನ್ ರಸ್ಕಿನ್, ಅವನ ಹೆಂಡತಿ ಎಫಿ ಗ್ರೇ, ಅವನೇ ಬೆನ್ನಿಗೆ ನಿಂತು ಬೆಳೆಸಿದ ಯುವ ಚಿತ್ರಕಾರ ಜಾನ್ ಎವರೆಟ್ ಮಿಲೇ. ಆರು ವರ್ಷದ ಮದುವೆಯಲ್ಲಿ ಗಂಡ ಹೆಂಡತಿ ಒಮ್ಮೆಯೂ ಕೂಡಲಿಲ್ಲ. ಹೆಂಡತಿ ಮನೆ ಬಿಟ್ಟಳು, ಮದುವೆಯನ್ನೇ ರದ್ದು ಮಾಡಿಸಿದಳು, ಮರುವರ್ಷ ಆ ಚಿತ್ರಕಾರನನ್ನು ಮದುವೆಯಾದಳು.

ಇಷ್ಟು ಕೇಳಿದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಮೊದಲ ರಾತ್ರಿ ಅಂಥದ್ದೇನಾಯ್ತು? ನೂರೆಪ್ಪತ್ತು ವರ್ಷದಿಂದ ಇದೇ ಪ್ರಶ್ನೆ. ನನಗೆ ಅದಕ್ಕಿಂತ ಜಾಸ್ತಿ ಕುತೂಹಲ ಇನ್ನೊಂದರ ಬಗ್ಗೆ. ಹೆಂಗಸು ವಿಚ್ಛೇದನ ಪಡೆಯೋದು ಹೆಚ್ಚುಕಡಿಮೆ ಆಗದ ಮಾತಾಗಿದ್ದ ಕಾಲ ಅದು. ಅಂಥ ಕಾಲದಲ್ಲಿ 25 ವರ್ಷದ ಹುಡುಗಿಯೊಬ್ಬಳು, ದೇಶಕ್ಕೇ ಹೆಸರಾದ ಗಂಡನಿಂದ, ಮನೆ ಬಿಟ್ಟ ಮೂರು ತಿಂಗಳೊಳಗೆ ಬಿಡುಗಡೆ ಪಡೆದುಕೊಂಡಳಲ್ಲ, ಅದು ಹೇಗೆ? ಇದು ಗೊತ್ತಾದರೆ ನಾಟಕದ ಬಿಗಿ ಎಲ್ಲಿಂದ ಬರುತ್ತದೆ ಅನ್ನೋದೂ ಗೊತ್ತಾಗುತ್ತದೆ.

ಮೊದಲು ಗಂಡನ ಕಡೆಯಿಂದ ನೋಡೋಣ. ರಸ್ಕಿನ್ ಹೆಸರು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿರೋದು ಗಾಂಧೀಜಿಯಿಂದ. 1904ರಲ್ಲಿ ಜೊಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೋಗುವ ರೈಲಿನಲ್ಲಿ ಅವರು ಓದಿದ ‘ಅನ್‌ಟು ದಿಸ್ ಲಾಸ್ಟ್’ ಇವನದೇ. ಅದನ್ನು ಗುಜರಾತಿಗೆ ತಂದಾಗ ಗಾಂಧೀಜಿ ಇಟ್ಟ ಹೆಸರು ‘ಸರ್ವೋದಯ’. ಆ ಲೇಖನಗಳು ಬಂದದ್ದು 1860ರಲ್ಲಿ. ನಮ್ಮ ಕಥೆ ಅದಕ್ಕೂ ಮುಂಚಿನದು. ಆಗಿನ್ನೂ ಅವನು ಚಿತ್ರಕಲೆ, ಕಟ್ಟಡಗಳ ಬಗ್ಗೆ ಬರೆಯುವವನು. 24ನೇ ವಯಸ್ಸಿಗೇ, 1843ರಲ್ಲಿ, ‘ಮಾಡರ್ನ್ ಪೇಂಟರ್ಸ್’ನ ಮೊದಲ ಸಂಪುಟ ಬರೆದು, ಟರ್ನರ್‌ನ ಚಿತ್ರಗಳನ್ನು ಹೀಗಳೆಯುತ್ತಿದ್ದವರ ಬಾಯಿ ಮುಚ್ಚಿಸಿದವನು. ಅಪ್ಪ ಶೆರಿ ವೈನಿನ ದೊಡ್ಡ ವ್ಯಾಪಾರಿ. ದುಡ್ಡಿಗೆ ಕೊರತೆ ಇಲ್ಲ. ಇವನೊಬ್ಬನೇ ಮಗ. ತಾಯಿ ಎಷ್ಟು ಹಚ್ಚಿಕೊಂಡಿದ್ದಳು ಅಂದರೆ, ಮಗ ಆಕ್ಸ್‌ಫರ್ಡ್‌ಗೆ ಓದಲು ಹೋದಾಗ ತಾನೂ ಅದೇ ಊರಿಗೆ ಹೋಗಿ ಬಾಡಿಗೆಗೆ ಉಳಿದಳು.

ಎಫಿ ಸ್ಕಾಟ್ಲೆಂಡಿನ ಪರ್ತ್ ಊರಿನವಳು, ಹುಟ್ಟಿದ್ದು 1828ರಲ್ಲಿ. ಅವಳ ಅಪ್ಪ ವಕೀಲ. ಎರಡು ಮನೆಯವರಿಗೂ ಹಳೆಯ ಪರಿಚಯ. ಅವಳು 12 ವರ್ಷದ ಹುಡುಗಿಯಾಗಿದ್ದಾಗ ರಸ್ಕಿನ್ ಅವಳಿಗಾಗಿಯೇ ಒಂದು ಮಕ್ಕಳ ಕಥೆ ಬರೆದುಕೊಟ್ಟಿದ್ದ. ಅವಳ ತವರುಮನೆ ಬಾವರ್ಸ್‌ವೆಲ್‌ಗೂ ಇವನ ಮನೆತನಕ್ಕೂ ಒಂದು ಕೆಟ್ಟ ನೆನಪಿನ ನಂಟಿತ್ತು. ಆ ಆಸ್ತಿ ಹಿಂದೆ ರಸ್ಕಿನ್‌ನ ತಾತನದಾಗಿತ್ತು. ಆತ ಅಲ್ಲಿಯೇ ಆತ್ಮಹತ್ಯೆ ಮಾಡಿಕೊಂಡಿದ್ದ. ಹಾಗಾಗಿ ರಸ್ಕಿನ್‌ನ ತಾಯಿ ಆ ಜಾಗಕ್ಕೆ ಕಾಲಿಡುವುದಿಲ್ಲ ಅಂತ ಹಟ ಹಿಡಿದಿದ್ದಳು. 1848ರ ಏಪ್ರಿಲ್ 10ರಂದು ಅದೇ ಮನೆಯಲ್ಲಿ ಮದುವೆ ನಡೆದಾಗ ಗಂಡಿನ ಅಪ್ಪ ಅಮ್ಮ ಇಬ್ಬರೂ ಬರಲಿಲ್ಲ. ಅವನಿಗೆ 29, ಅವಳಿಗೆ ಇನ್ನೂ 20 ತುಂಬಿರಲಿಲ್ಲ. ಹೆಣ್ಣಿನ ಅಪ್ಪ ರೈಲ್ವೆ ಷೇರುಗಳಲ್ಲಿ ಕೈಸುಟ್ಟುಕೊಂಡಿದ್ದ ಸಮಯ ಬೇರೆ. ದುಡ್ಡಿನ ವಿಷಯದಲ್ಲಿ ಎರಡು ಮನೆಗಳ ನಡುವೆ ಮೊದಲಿನಿಂದಲೂ ಒಂದು ಇರುಸುಮುರುಸು ಇದ್ದೇ ಇತ್ತು.

ಮೊದಲ ರಾತ್ರಿ ಏನೂ ಆಗಲಿಲ್ಲ. ಆಮೇಲೂ ಆಗಲಿಲ್ಲ. ಇದು ನಮಗೆ ಗೊತ್ತಾಗಿರೋದು ಎಫಿ ತನ್ನ ಅಪ್ಪನಿಗೆ ಬರೆದ ಒಂದು ಕಾಗದದಿಂದ. ಅದರ ತಾರೀಖು 1854ರ ಮಾರ್ಚ್ 7, ಅಂದರೆ ಮದುವೆಯಾಗಿ ಹೆಚ್ಚುಕಡಿಮೆ ಆರು ವರ್ಷದ ಮೇಲೆ. ಅಲ್ಲಿಯವರೆಗೆ ಹೆತ್ತವರಿಗೂ ಅವಳು ಬಾಯಿ ಬಿಟ್ಟಿರಲಿಲ್ಲ. ಗಂಡ ಕೊಟ್ಟ ಕಾರಣಗಳನ್ನೆಲ್ಲ ಅವಳು ಆ ಕಾಗದದಲ್ಲಿ ಒಂದೊಂದಾಗಿ ಬರೆಯುತ್ತಾಳೆ. ಮಕ್ಕಳೆಂದರೆ ಆಗದು ಅಂದ. ಧರ್ಮದ ಮಾತು ಹೇಳಿದ. ನಿನ್ನ ಚೆಲುವು ಕೆಡಬಾರದು ಅಂದ. ಕೊನೆಗೆ ಒಂದು ದಿನ ನಿಜವಾದ ಕಾರಣ ಇದು ಅಂತ ಹೇಳಿದನಂತೆ: ಹೆಂಗಸರ ಮೈ ಹೀಗಿರುತ್ತದೆ ಅಂತ ತಾನು ಅಂದುಕೊಂಡಿದ್ದೇ ಬೇರೆ, ಮೊದಲ ರಾತ್ರಿ ಅವಳ ಮೈ ನೋಡಿ ತನಗೆ ಹೇಸಿಗೆಯಾಯಿತು. ನಿನಗೆ 25 ತುಂಬಲಿ, ಆಮೇಲೆ ನೋಡೋಣ ಅಂತ ಮೊದಲೇ ಮಾತಾಗಿತ್ತು. 1853ರ ಮೇ ತಿಂಗಳಲ್ಲಿ ಅವಳಿಗೆ 25 ತುಂಬಿತು. ಅವಳು ಆ ಮಾತು ಎತ್ತಿದಳು. ನಿನಗೆ ನನ್ನನ್ನು ಕಂಡರೆ ಆಗುವುದಿಲ್ಲ, ಹೀಗಿರುವಾಗ ಕೂಡುವುದು ಪಾಪ, ನಿನಗೆ ತಲೆ ಕೆಟ್ಟಿದೆ, ಮಕ್ಕಳನ್ನು ಸಾಕುವ ಯೋಗ್ಯತೆ ನಿನಗಿಲ್ಲ ಅನ್ನುವ ಧಾಟಿಯ ಉತ್ತರ ಬಂತು.

ಇಷ್ಟಾದರೂ ಹೊರಗಿನವರಿಗೆ ಇವರು ಚಂದದ ಜೋಡಿಯೇ. ಎರಡು ಸಲ ವೆನಿಸ್‌ಗೆ ಹೋಗಿ ತಿಂಗಳುಗಟ್ಟಲೆ ಇದ್ದರು. ಅವನು ‘ದಿ ಸ್ಟೋನ್ಸ್ ಆಫ್ ವೆನಿಸ್’ಗಾಗಿ ಏಣಿ ಹತ್ತಿ ಕಂಬ ಕಮಾನುಗಳ ಅಳತೆ ತೆಗೆದುಕೊಳ್ಳುತ್ತಿದ್ದ. ಅವಳು ಆಸ್ಟ್ರಿಯನ್ ಸೇನಾಧಿಕಾರಿಗಳ ಔತಣಗಳಲ್ಲಿ ಕುಣಿಯುತ್ತಿದ್ದಳು. ಅವನು ಬೇಡ ಅನ್ನಲೂ ಇಲ್ಲ, ಜೊತೆಗೆ ಹೋಗಲೂ ಇಲ್ಲ. ಲಂಡನ್ನಿಗೆ ವಾಪಸ್ಸು ಬಂದಾಗಲೇ ಕಷ್ಟ. ಅತ್ತೆ ಮಾವ ಪಕ್ಕದಲ್ಲೇ, ಗಂಡ ದಿನಾ ಬೆಳಗ್ಗೆ ಅವರ ಮನೆಗೆ ಹೋಗಿ ತನ್ನ ಹಳೇ ಕೋಣೆಯಲ್ಲಿ ಕೂತು ಬರೆಯುವುದು. ಸೊಸೆಯ ಖರ್ಚು, ಸೊಸೆಯ ಮಾತು, ಸೊಸೆಯ ಕಾಯಿಲೆ, ಎಲ್ಲಕ್ಕೂ ಅತ್ತೆಯದೊಂದು ಅಭಿಪ್ರಾಯ. ಇದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ ಅನ್ಸುತ್ತೆ.

ಮಿಲೇ ಈ ಕಥೆಯೊಳಗೆ ಬರುವುದು ರಸ್ಕಿನ್ ಮೂಲಕವೇ. ಎಫಿಗಿಂತ ಒಂದು ವರ್ಷ ಚಿಕ್ಕವನು. 11 ವರ್ಷಕ್ಕೇ ಲಂಡನ್ನಿನ ದೊಡ್ಡ ಕಲಾಸಂಸ್ಥೆ ರಾಯಲ್ ಅಕಾಡೆಮಿಯ ಶಾಲೆಗೆ ಸೇರಿದ ಅಸಾಧಾರಣ ಹುಡುಗ. 1848ರಲ್ಲಿ, ಅಂದರೆ ಇವರ ಮದುವೆಯ ವರ್ಷವೇ, ಗೆಳೆಯರ ಜೊತೆ ಸೇರಿ ಪ್ರಿ-ರಾಫೆಲೈಟ್ ಬಳಗ ಕಟ್ಟಿದ. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೇ ಬಿಡಿಸಬೇಕು, ಎಲೆಯನ್ನೂ ಬಿಡಬಾರದು ಅನ್ನುವವರು ಇವರು. ಪತ್ರಿಕೆಗಳು ಇವರನ್ನು ಹಿಗ್ಗಾಮುಗ್ಗಾ ಬೈದವು. 1850ರಲ್ಲಿ ಮಿಲೇ ಬಿಡಿಸಿದ ಬಾಲ ಏಸುವಿನ ಚಿತ್ರವನ್ನಂತೂ ಚಾರ್ಲ್ಸ್ ಡಿಕನ್ಸ್ ಕೂಡ ಕೊಳಕು ಅಂತ ಜರಿದ. ಆಗ, 1851ರ ಮೇ ತಿಂಗಳಲ್ಲಿ, ರಸ್ಕಿನ್ ‘ದಿ ಟೈಮ್ಸ್’ಗೆ ಎರಡು ಕಾಗದ ಬರೆದು ಈ ಹುಡುಗರ ಪರ ನಿಂತ. ಅವನ ಮಾತಿಗೆ ಅಷ್ಟು ತೂಕ ಇತ್ತು. ಅಲ್ಲಿಂದ ಸ್ನೇಹ ಬೆಳೆಯಿತು. ಮಿಲೇಯ ಚಿತ್ರವೊಂದಕ್ಕೆ ಎಫಿ ಮಾಡೆಲ್ ಆಗಿ ಕೂತಳು. ಜೈಲಿನಲ್ಲಿರುವ ಸ್ಕಾಟಿಷ್ ಗಂಡನ ಬಿಡುಗಡೆ ಆದೇಶವನ್ನು ಹೆಂಡತಿಯೊಬ್ಬಳು ಕಾವಲುಗಾರನ ಕೈಗೆ ಕೊಡುತ್ತಿದ್ದಾಳೆ. ಕಂಕುಳಲ್ಲಿ ಮಗು ನಿದ್ದೆ ಹೋಗಿದೆ, ಗಾಯಗೊಂಡ ಗಂಡ ಅವಳ ಹೆಗಲಿಗೆ ತಲೆ ಇಟ್ಟಿದ್ದಾನೆ, ಅವಳು ಮಾತ್ರ ನೆಟ್ಟಗೆ ನಿಂತಿದ್ದಾಳೆ. ಹೆಸರು ‘ದಿ ಆರ್ಡರ್ ಆಫ್ ರಿಲೀಸ್, 1746’. 1853ರ ರಾಯಲ್ ಅಕಾಡೆಮಿ ಪ್ರದರ್ಶನದಲ್ಲಿ ಅದರ ಮುಂದೆ ಎಷ್ಟು ಜನ ಸೇರಿದರು ಅಂದರೆ ಪೊಲೀಸನನ್ನು ನಿಲ್ಲಿಸಬೇಕಾಯಿತು. ಬಿಡುಗಡೆಯ ಆದೇಶ, ಅದೂ ಎಫಿಯ ಕೈಯಲ್ಲಿ! ನಾಟಕಕಾರ ಕಲ್ಪಿಸಿ ಬರೆದಿದ್ದರೆ ಜಾಸ್ತಿಯಾಯ್ತು ಅಂತ ನಾವೇ ಮೂಗು ಮುರಿಯುತ್ತಿದ್ದೆವು.

ಅದೇ ವರ್ಷ ಬೇಸಿಗೆಯಲ್ಲಿ ರಸ್ಕಿನ್ ದಂಪತಿ, ಮಿಲೇ, ಅವನ ಅಣ್ಣ ವಿಲಿಯಂ, ಎಲ್ಲರೂ ಸ್ಕಾಟ್ಲೆಂಡಿನ ಟ್ರೊಸಾಕ್ಸ್ ಬೆಟ್ಟಗಳಿಗೆ ಹೊರಟರು. ಗ್ಲೆನ್‌ಫಿನ್ಲಾಸ್ ಕಣಿವೆಯ ಹೊಳೆಯ ದಡದಲ್ಲಿ, ಬಂಡೆಯ ಮೇಲೆ ನಿಂತ ರಸ್ಕಿನ್‌ನ ಚಿತ್ರ ಬಿಡಿಸುವುದು ಮಿಲೇಯ ಕೆಲಸ. ಮರ್ಫಿಯ ನಾಟಕ ಎತ್ತಿಕೊಳ್ಳುವುದು ಈ ಪ್ರವಾಸವನ್ನು, ಅದರ ಬೆನ್ನಿಗೆ ಬಂದ ತಿಂಗಳುಗಳನ್ನು. ‘ಕೌಂಟೆಸ್’ ಅನ್ನೋದು ಆ ದಿನಗಳಲ್ಲಿ ಎಫಿಯನ್ನು ಕರೆಯುತ್ತಿದ್ದ ಅಡ್ಡಹೆಸರು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಯಾಕಂದರೆ ಇಡೀ ಹಗರಣ ಬೇರು ಬಿಟ್ಟದ್ದು ಇಲ್ಲೇ. ಮೊದಲು ಹೋಟೆಲಿನಲ್ಲಿ ಇಳಿದರು. ಆಮೇಲೆ ಖರ್ಚು ಜಾಸ್ತಿ ಅಂತ ಬ್ರಿಗ್ ಓ ಟರ್ಕ್ ಅನ್ನುವ ಹಳ್ಳಿಯಲ್ಲಿ ಶಾಲಾ ಮೇಷ್ಟ್ರ ಪುಟ್ಟ ಮನೆಗೆ ಬಂದರು. ಎಫಿಗೂ ಮಿಲೇಗೂ ಹಾಸಿಗೆಯಷ್ಟೇ ಜಾಗದ ಇಕ್ಕಟ್ಟು ಗೂಡುಗಳು. ರಸ್ಕಿನ್ ನಡುಮನೆಯಲ್ಲಿ ಹಾಸಿಕೊಂಡು ಮಲಗುತ್ತಿದ್ದ. ಮಳೆ ಬಿಡಲೊಲ್ಲದು. ಮಳೆ ನಿಂತರೆ ನೊರಜಿನ ಕಾಟ. ನೊರಜಿಗೆ ಹೆದರಿ ತಲೆಗೆ ಮುಸುಕು ಹಾಕಿಕೊಂಡು ಕೂತವರ ತಮಾಷೆ ಚಿತ್ರವೊಂದನ್ನು ಮಿಲೇ ಬಿಡಿಸಿದ್ದಾನೆ, ಅದು ಈಗಲೂ ಇದೆ. ಬಂಡೆಯ ಒಂದೊಂದು ಗೆರೆಯನ್ನೂ ಕಂಡ ಹಾಗೇ ಬಿಡಿಸಬೇಕಲ್ಲ, ಚಿತ್ರ ಮುಂದಕ್ಕೇ ಹೋಗುತ್ತಿರಲಿಲ್ಲ. ರಸ್ಕಿನ್ ತನ್ನ ವೆನಿಸ್ ಪುಸ್ತಕದ ಪದಸೂಚಿ ತಯಾರಿಸುವುದರಲ್ಲಿ ಮುಳುಗಿದ್ದ. ಮಿಲೇ ಎಫಿಗೆ ಚಿತ್ರ ಬಿಡಿಸುವುದು ಹೇಳಿಕೊಟ್ಟ. ಅವಳು ಅವನ ತಲೆಗೂದಲು ಕತ್ತರಿಸಿದಳು. ಅವನು ಪೆಟ್ಟು ಮಾಡಿಕೊಂಡಾಗ ಆರೈಕೆ ಮಾಡಿದಳು. ಇಬ್ಬರೂ ಮೈಲುಗಟ್ಟಲೆ ನಡೆಯಲು ಹೋಗುತ್ತಿದ್ದರು. ರಸ್ಕಿನ್ ತಡೆಯಲಿಲ್ಲ.

ಬೇಕಂತಲೇ ತಡೆಯಲಿಲ್ಲವಾ? ಅವಳೇ ತಪ್ಪು ಮಾಡಲಿ, ತಾನು ಬಿಡುಗಡೆಯಾಗಲಿ ಅಂತ ಅವನು ಕಾದಿದ್ದ ಅಂತ ಎಫಿಯ ಕಡೆಯವರು ನಂಬಿದ್ದರು. ಹೌದು ಅನ್ನಲು ಗಟ್ಟಿ ಪುರಾವೆ ಇಲ್ಲ. ನನಗೆ ಅನಿಸುವುದು, ಅವನಿಗೆ ಅದು ಕಾಣಿಸಿಯೇ ಇರಲಿಲ್ಲ. ಕಲ್ಲಿನ ಪದರಗಳನ್ನು ಅಷ್ಟು ಸೂಕ್ಷ್ಮವಾಗಿ ನೋಡಬಲ್ಲವನಿಗೆ ಅದೇ ಮನೆಯಲ್ಲಿ ಮಲಗಿದ್ದ ಮನುಷ್ಯರು ಕಾಣಲಿಲ್ಲ. ರಂಗದ ಮೇಲೆ ಈ ಪಾತ್ರ ಮಾಡುವ ನಟನಿಗೆ ಕಷ್ಟ ಇರೋದೂ ಇಲ್ಲೇ. ರಸ್ಕಿನ್‌ನನ್ನು ಖಳನಾಯಕನನ್ನಾಗಿ ಮಾಡಿಬಿಟ್ಟರೆ ನಾಟಕ ಅಗ್ಗವಾಗುತ್ತದೆ. ಅವನು ಬೈಯುವವನಲ್ಲ, ಹೊಡೆಯುವವನಲ್ಲ, ಕುಡುಕನಲ್ಲ. ಒಳ್ಳೆಯ ಮಾತುಗಾರ. ಅವನ ಕ್ರೌರ್ಯವೆಲ್ಲ ಸಭ್ಯತೆಯ ಒಳಗೇ ಇದೆ.

ಈಗ ಕಾನೂನಿಗೆ ಬರೋಣ. ಈ ಭಾಗ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ, ಆದರೆ ಕಥೆಯ ಕೀಲಿ ಇದರಲ್ಲೇ ಇದೆ.

1854ರಲ್ಲಿ ಇಂಗ್ಲೆಂಡಿನಲ್ಲಿ ಈಗಿನ ಹಾಗೆ ಕೋರ್ಟಿಗೆ ಹೋಗಿ ವಿಚ್ಛೇದನ ತೆಗೆದುಕೊಳ್ಳಲು ಬರುತ್ತಿರಲಿಲ್ಲ. ಆ ಕಾಯ್ದೆ ಬಂದದ್ದು 1857ರಲ್ಲಿ. ಅದಕ್ಕೂ ಮುಂಚೆ ಪೂರ್ತಿ ವಿಚ್ಛೇದನ ಬೇಕಿದ್ದರೆ ಪಾರ್ಲಿಮೆಂಟಿನಲ್ಲಿ ನಿಮ್ಮೊಬ್ಬರ ಹೆಸರಿಗೇ ಒಂದು ಕಾಯ್ದೆ ಪಾಸಾಗಬೇಕು. ಸಿಕ್ಕಾಪಟ್ಟೆ ಖರ್ಚು. ಮೇಲಾಗಿ ಗಂಡಸಿಗೆ ಹೆಂಡತಿಯ ಹಾದರ ತೋರಿಸಿದರೆ ಸಾಕು, ಹೆಂಗಸಿಗೆ ಗಂಡನ ಹಾದರ ಒಂದೇ ಸಾಲದು, ಅದಕ್ಕಿಂತ ಹೀನವಾದದ್ದು ಇನ್ನೇನಾದರೂ ಇರಬೇಕು. ಈ ದಾರಿಯಲ್ಲಿ ಬಿಡುಗಡೆ ಪಡೆದ ಹೆಂಗಸರು ಒಟ್ಟು ನಾಲ್ಕೇ ನಾಲ್ಕು ಮಂದಿ. ಇನ್ನೊಂದು ದಾರಿ ಚರ್ಚ್ ಕೋರ್ಟಿನಿಂದ ಬೇರೆ ಇರುವ ಅಪ್ಪಣೆ. ಅದಕ್ಕೂ ಹಾದರವೋ ಹಿಂಸೆಯೋ ತೋರಿಸಬೇಕು, ಸಿಕ್ಕರೂ ಮತ್ತೆ ಮದುವೆಯಾಗುವ ಹಾಗಿಲ್ಲ. ರಸ್ಕಿನ್ ಎರಡನ್ನೂ ಮಾಡಿರಲಿಲ್ಲ. ಅಂದರೆ ಅವನು ಒಳ್ಳೆಯ ಗಂಡನ ಹಾಗೆ ನಡೆದುಕೊಂಡಷ್ಟೂ ಅವಳು ಸಿಕ್ಕಿಕೊಂಡ ಹಾಗೇ.

ಉಳಿದದ್ದು ಒಂದೇ, ಮದುವೆ ಅಸಿಂಧು ಅಂತ ಹೇಳಿಸುವುದು. ಮದುವೆ ಮುರಿಯಿತು ಅಂತಲ್ಲ, ಆಗಲೇ ಇಲ್ಲ ಅಂತ. ಇದಕ್ಕೂ ಒಂದು ತೊಡಕಿತ್ತು. ಗಂಡ ಕೂಡಲಿಲ್ಲ ಅಂತ ಹೇಳಿದರೆ ಆಗದು. ಕೂಡಲು ಮನಸ್ಸಿಲ್ಲ ಅನ್ನೋದು ಆಗ ಕಾರಣವೇ ಅಲ್ಲ. ಇಂಗ್ಲೆಂಡಿನ ಕಾನೂನಿನಲ್ಲಿ ಅದು ಸೇರಿದ್ದು 1937ರಲ್ಲಿ. ಕೂಡಲು ಆಗುವುದೇ ಇಲ್ಲ, ವಾಸಿಯೂ ಆಗದು ಅಂತ ಕೋರ್ಟ್ ನಂಬಬೇಕು. ಹಾಗೆ ನಂಬಲು ಗಂಡ ಹೆಂಡತಿ ಮೂರು ವರ್ಷವಾದರೂ ಒಂದೇ ಸೂರಿನಡಿ ಬಾಳಿರಬೇಕು, ಹೆಂಡತಿ ಇನ್ನೂ ಕನ್ಯೆ ಅಂತ ಡಾಕ್ಟರು ಬರೆದುಕೊಡಬೇಕು. ಎಫಿ ನುಂಗಿಕೊಂಡು ಕಳೆದ ಆರು ವರ್ಷವೇ ಈಗ ಅವಳ ಸಾಕ್ಷಿಯಾಯಿತು. ಇನ್ನೊಂದು ವಿಷಯ: ಮಿಲೇ ಜೊತೆ ಗ್ಲೆನ್‌ಫಿನ್ಲಾಸ್‌ನಲ್ಲಿ ಒಂದೇ ಒಂದು ಸಲ ಎಡವಿದ್ದರೂ ಈ ಬಾಗಿಲು ಮುಚ್ಚಿಹೋಗುತ್ತಿತ್ತು. ಆ ಇಕ್ಕಟ್ಟಿನ ಮನೆಯ ದೃಶ್ಯಗಳನ್ನು ನೋಡುವಾಗ ಇದು ತಲೆಯಲ್ಲಿರಲಿ.

(ನಮ್ಮಲ್ಲೂ ಇದರ ನೆರಳಿದೆ. 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್ ತೆಗೆದು ನೋಡಿ. ನಪುಂಸಕತ್ವದಿಂದಾಗಿ ದಾಂಪತ್ಯ ಕೂಡಿಬರದಿದ್ದರೆ ಮದುವೆ ರದ್ದು ಮಾಡಿಸಬಹುದು ಅಂತ ಇದೆ.)

ಈ ದಾರಿ ಇದೆ ಅಂತ ಗೊತ್ತಾಗಲು ಮೊದಲು ವಿಷಯ ಯಾರಿಗಾದರೂ ಹೇಳಬೇಕಲ್ಲ. 1854ರ ವಸಂತದಲ್ಲಿ ಎಫಿ ಅಪ್ಪನಿಗೆ ಬರೆದಳು, ಲೇಡಿ ಈಸ್ಟ್‌ಲೇಕ್‌ಗೂ ಹೇಳಿದಳು. ಈ ಲೇಡಿ ಈಸ್ಟ್‌ಲೇಕ್ ಬಹಳ ಗಟ್ಟಿಗಿತ್ತಿ. ತಾನೇ ದೊಡ್ಡ ಬರಹಗಾರ್ತಿ, ಗಂಡ ರಾಯಲ್ ಅಕಾಡೆಮಿಯ ಅಧ್ಯಕ್ಷ. ಎಫಿಗೆ ಧೈರ್ಯ ತುಂಬಿದ್ದು ಆಕೆಯೇ. ಆಮೇಲೆ ಲಂಡನ್ನಿನ ದೊಡ್ಡವರ ಮನೆಗಳಲ್ಲೆಲ್ಲ ಎಫಿಯ ಪರ ಮಾತಾಡಿ ಗಾಳಿ ತಿರುಗಿಸಿದ್ದೂ ಆಕೆಯೇ. ಎರಡು ವರ್ಷದ ಮೇಲೆ ರಸ್ಕಿನ್‌ನ ಪುಸ್ತಕವನ್ನು ಪತ್ರಿಕೆಯೊಂದರಲ್ಲಿ ಹೆಸರು ಹಾಕದೆ ಹಿಗ್ಗಾಮುಗ್ಗಾ ವಿಮರ್ಶೆ ಮಾಡಿದಳು. ಹಳೇ ಲೆಕ್ಕ ಅದರಲ್ಲಿ ಸ್ವಲ್ಪವೂ ಇರಲಿಲ್ಲ ಅಂದರೆ ನಾನಂತೂ ನಂಬಲ್ಲ.

ಹೊರಟ ದಿನ 1854ರ ಏಪ್ರಿಲ್ 25. ರಸ್ಕಿನ್ ಅಪ್ಪ ಅಮ್ಮನ ಜೊತೆ ಸ್ವಿಟ್ಜರ್ಲೆಂಡ್‌ಗೆ ಹೊರಡುವವನಿದ್ದ, ಎಫಿ ಅಷ್ಟು ದಿನ ತವರಿಗೆ ಹೋಗಿ ಬರುತ್ತಾಳೆ ಅಂತ ನೆಪ. ಅನುಮಾನಕ್ಕೆ ಜಾಗವೇ ಇಲ್ಲ. ರಸ್ಕಿನ್ ತಾನೇ ಕಿಂಗ್ಸ್ ಕ್ರಾಸ್ ಸ್ಟೇಷನ್ನಿಗೆ ಬಂದು ಹೆಂಡತಿಯನ್ನೂ ಅವಳ ಹತ್ತು ವರ್ಷದ ತಂಗಿ ಸೋಫಿಯನ್ನೂ ರೈಲು ಹತ್ತಿಸಿದ. ದಾರಿಯಲ್ಲಿ ಹಿಚಿನ್ ಸ್ಟೇಷನ್ನಿನಲ್ಲಿ ಎಫಿಯ ಅಪ್ಪ ಅಮ್ಮ ಕಾದಿದ್ದರು. ಅವರು ಗುಟ್ಟಾಗಿ ಲಂಡನ್ನಿಗೆ ಬಂದು ವಕೀಲರನ್ನು ಕಂಡಾಗಿತ್ತು. ಆ ಸಂಜೆ ರಸ್ಕಿನ್‌ನ ಅಪ್ಪ ಅಮ್ಮನ ಮನೆಗೆ ಕೋರ್ಟಿನ ಕಾಗದ ಬಂತು. ಜೊತೆಗೆ ಅತ್ತೆಯ ಹೆಸರಿಗೆ ಒಂದು ಸಣ್ಣ ಕಟ್ಟು. ಬಿಚ್ಚಿದರೆ ಒಳಗೆ ಮನೆಯ ಬೀಗದ ಕೈಗಳು, ಮನೆಖರ್ಚಿನ ಲೆಕ್ಕದ ಪುಸ್ತಕ, ಮದುವೆಯ ಉಂಗುರ, ಒಂದು ಪತ್ರ.

ಲೆಕ್ಕದ ಪುಸ್ತಕ ಕಳಿಸಿದ್ದು ನನಗೆ ಬಹಳ ಇಷ್ಟ. ಉಂಗುರ ವಾಪಸ್ಸು ಮಾಡುವುದು ಎಲ್ಲ ನಾಟಕಗಳಲ್ಲೂ ಇರುತ್ತದೆ. ಆದರೆ ದುಂದುಗಾರ್ತಿ ಅಂತ ಅನ್ನಿಸಿಕೊಂಡ ಸೊಸೆ ಹೋಗುವಾಗ ಪೈಸೆ ಪೈಸೆಯ ಲೆಕ್ಕ ಅತ್ತೆಯ ಕೈಗಿಟ್ಟು ಹೋಗುತ್ತಾಳೆ ನೋಡಿ!

ಆಮೇಲಿನದು ಬೇಗ ಬೇಗ ನಡೆಯಿತು. ಇಬ್ಬರು ಡಾಕ್ಟರುಗಳು ಎಫಿಯನ್ನು ಪರೀಕ್ಷೆ ಮಾಡಿದರು. ಅವರಲ್ಲೊಬ್ಬ ಚಾರ್ಲ್ಸ್ ಲೋಕಾಕ್, ವಿಕ್ಟೋರಿಯಾ ರಾಣಿಯ ಹೆರಿಗೆ ಮಾಡಿಸುತ್ತಿದ್ದವನು. ಕನ್ಯೆ ಅಂತ ಬರೆದುಕೊಟ್ಟರು. ಆ ಪರೀಕ್ಷೆಯ ಅವಮಾನ ಎಂಥದ್ದು ಅಂತ ಊಹಿಸಿಕೊಳ್ಳಿ. ತಪ್ಪು ಗಂಡನದು, ಸಾಬೀತು ಮಾಡಬೇಕಾದ್ದು ಹೆಂಡತಿಯ ಮೈಯಿಂದ. ರಸ್ಕಿನ್ ಎದುರು ವಾದ ಹೂಡಲಿಲ್ಲ. ತನ್ನ ವಕೀಲನಿಗೆ ಮಾತ್ರ ಏಪ್ರಿಲ್ 27ರಂದು ಒಂದು ಹೇಳಿಕೆ ಬರೆದುಕೊಟ್ಟಿದ್ದ. ಅವಳ ಮುಖ ಚೆಂದ, ಆದರೆ ಮೈ ಆಸೆ ಹುಟ್ಟಿಸುವಂಥದ್ದಲ್ಲ, ಅದರಲ್ಲಿದ್ದ ಕೆಲವು ಸಂಗತಿಗಳು ಆಸೆಯನ್ನೇ ಅಡಗಿಸಿದವು, ತನಗೆ ಶಕ್ತಿ ಇದೆ ಅಂತ ಬೇಕಾದರೆ ಈಗಲೇ ತೋರಿಸಬಲ್ಲೆ ಅನ್ನುವುದು ಅದರ ಸಾರ. ಅದು ಕೋರ್ಟಿನ ಮುಂದೆ ಬರಲಿಲ್ಲ. ಬಂದು, ಅವನು ಗೆದ್ದಿದ್ದರೆ, ಇಬ್ಬರೂ ಸಾಯುವವರೆಗೆ ಗಂಡ ಹೆಂಡತಿಯೇ. ಅವನಿಗೂ ಅದು ಬೇಕಿರಲಿಲ್ಲ. ಆ ಹೇಳಿಕೆ ಅಚ್ಚಾಗಿ ಹೊರಬರಲು 1950 ಆಗಬೇಕಾಯಿತು.

ಜುಲೈ 15ರಂದು ತೀರ್ಪು ಬಂತು. ರಸ್ಕಿನ್‌ನ ವಾಸಿಯಾಗದ ನಪುಂಸಕತ್ವದಿಂದಾಗಿ ದಾಂಪತ್ಯ ನಡೆದಿಲ್ಲ, ಮದುವೆ ಅಸಿಂಧು.

ಇಡೀ ಲಂಡನ್ ಗುಸುಗುಸು ಅನ್ನುತ್ತಿದ್ದ ಆ ಮೇ ತಿಂಗಳಲ್ಲಿ ರಸ್ಕಿನ್ ಏನು ಮಾಡುತ್ತಿದ್ದ ಗೊತ್ತಾ? ‘ದಿ ಟೈಮ್ಸ್’ಗೆ ಮತ್ತೆ ಕಾಗದ ಬರೆಯುತ್ತಿದ್ದ. ಮಿಲೇಯ ಗೆಳೆಯ ಹೋಲ್ಮನ್ ಹಂಟ್‌ನ ಚಿತ್ರಗಳನ್ನು ಹೊಗಳಿ. ಅದರಲ್ಲೊಂದು ಚಿತ್ರ, ಗಂಡಸೊಬ್ಬ ಇಟ್ಟುಕೊಂಡ ಹೆಂಗಸು ತಟ್ಟನೆ ಮನಸ್ಸು ಎಚ್ಚೆತ್ತು ಅವನ ತೊಡೆಯ ಮೇಲಿಂದ ಎದ್ದು ನಿಲ್ಲುವುದು. ಹೆಂಡತಿ ಎದ್ದು ಹೋದ ತಿಂಗಳಿಗೇ ಇದನ್ನು ಬಿಡಿಸಿ ಬಿಡಿಸಿ ವಿವರಿಸಿ ಬರೆದ ಮನುಷ್ಯನ ಬಗ್ಗೆ ಏನು ಹೇಳೋದು, ನನಗಂತೂ ತಿಳಿಯಲ್ಲ. ಗ್ಲೆನ್‌ಫಿನ್ಲಾಸ್‌ನ ಆ ಚಿತ್ರವನ್ನೂ ಅವನು ಬಿಡಲಿಲ್ಲ. ಅದು ಮುಗಿಯಲೇಬೇಕು. ಇಷ್ಟು ಅಸಹ್ಯದ ಕೆಲಸ ಇನ್ನೊಂದು ಮಾಡಿಲ್ಲ ಅಂತ ಗೊಣಗುತ್ತಲೇ ಮಿಲೇ 1854ರ ಡಿಸೆಂಬರಿನಲ್ಲಿ ಮುಗಿಸಿಕೊಟ್ಟ. ಈಗ ಅದು ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿದೆ. ಹೊಳೆ, ಬಂಡೆ, ಟೋಪಿ ಕೈಯಲ್ಲಿ ಹಿಡಿದು ಪ್ರಶಾಂತವಾಗಿ ನಿಂತ ರಸ್ಕಿನ್.

ಎಫಿ, ಮಿಲೇ 1855ರ ಜುಲೈ 3ರಂದು ಮದುವೆಯಾದರು, ಅದೇ ಬಾವರ್ಸ್‌ವೆಲ್ ಮನೆಯಲ್ಲಿ. ಎಂಟು ಮಕ್ಕಳಾದವು. ಅವಳ ಮೈಯಲ್ಲಿ ಏನೋ ಐಬಿತ್ತು ಅನ್ನುವ ಮಾತಿಗೆ ಇದಕ್ಕಿಂತ ಉತ್ತರ ಬೇಕಾ? ರಸ್ಕಿನ್ 1856ರಲ್ಲೂ ಮಿಲೇಯ ಚಿತ್ರವನ್ನು ಮೆಚ್ಚಿ ಬರೆದ, 1857ರಲ್ಲಿ ಇನ್ನೊಂದನ್ನು ಸರ್ವನಾಶ ಅಂತ ಬೈದ. ಮಿಲೇ ಕಲೆ ಬಿಟ್ಟು ದುಡ್ಡಿನ ಹಿಂದೆ ಬಿದ್ದ, ಅದಕ್ಕೆ ಎಫಿಯೇ ಕಾರಣ ಅನ್ನುವ ವಿಮರ್ಶಕರು ಈಗಲೂ ಇದ್ದಾರೆ. ಎಂಟು ಮಕ್ಕಳ ಅಪ್ಪನಿಗೆ ದುಡ್ಡು ಬೇಕಾಗೋದು ಹೆಂಡತಿಯ ಒಬ್ಬಳ ತಪ್ಪಾ?

ಆ ತೀರ್ಪಿನ ಮಾತು ಮಾತ್ರ ಯಾರನ್ನೂ ಬಿಡಲಿಲ್ಲ. 1858ರಲ್ಲಿ, 39ರ ಆಸುಪಾಸಿನ ರಸ್ಕಿನ್‌ಗೆ ರೋಸ್ ಲಾ ಟೂಶ್ ಅನ್ನುವ ಹತ್ತು ವರ್ಷದ ಹುಡುಗಿಯ ಪರಿಚಯವಾಯಿತು. ಚಿತ್ರಕಲೆ ಹೇಳಿಕೊಡಲು ಹೋದದ್ದು. ಅವಳಿಗೆ 18 ಆದಾಗ ಮದುವೆಯಾಗುತ್ತೀಯಾ ಅಂತ ಕೇಳಿದ. ಅವಳ ತಾಯಿ ಗಾಬರಿಯಾಗಿ ಎಫಿಗೇ ಕಾಗದ ಬರೆದಳು. ಎಫಿ ನಡೆದದ್ದನ್ನು ಹೇಳಿದಳು. ಇದರಲ್ಲಿ ಕಾನೂನಿನ ಒಂದು ಸಿಕ್ಕೂ ಇತ್ತು. ವಾಸಿಯಾಗದ ನಪುಂಸಕ ಅಂತ ಕೋರ್ಟೇ ಹೇಳಿದವನು ಮತ್ತೆ ಮದುವೆಯಾಗಿ ಮಕ್ಕಳಾಗಿಬಿಟ್ಟರೆ? ಆಗ ಹಳೇ ತೀರ್ಪೇ ಸುಳ್ಳಾಗುತ್ತದೆ, ಎಫಿಯ ಎರಡನೇ ಮದುವೆ, ಎಂಟು ಮಕ್ಕಳ ಹಕ್ಕು, ಎಲ್ಲ ಅಲ್ಲಾಡುತ್ತವೆ ಅನ್ನುವ ಭಯ. ರೋಸ್ ಮದುವೆಯಾಗಲಿಲ್ಲ. 1875ರಲ್ಲಿ, 27ನೇ ವಯಸ್ಸಿಗೆ, ತೀರಿಕೊಂಡಳು. 1878ರಲ್ಲಿ ರಸ್ಕಿನ್‌ಗೆ ಬುದ್ಧಿಭ್ರಮಣೆಯ ಮೊದಲ ದೊಡ್ಡ ಪೆಟ್ಟು ಬಿತ್ತು.

ಎಫಿಗೂ ದಂಡ ಕಟ್ಟುವುದು ತಪ್ಪಲಿಲ್ಲ. ತಪ್ಪು ಅವಳದ್ದಲ್ಲ ಅಂತ ಕೋರ್ಟೇ ಹೇಳಿದ್ದರೂ ವಿಕ್ಟೋರಿಯಾ ರಾಣಿ ಅವಳನ್ನು ತನ್ನ ಮುಂದೆ ಬರಗೊಡಲಿಲ್ಲ. ಮಿಲೇಗೆ ಪದವಿ ಬಂತು, ‘ಸರ್’ ಅನ್ನಿಸಿಕೊಂಡ, 1896ರಲ್ಲಿ ರಾಯಲ್ ಅಕಾಡೆಮಿಯ ಅಧ್ಯಕ್ಷನೂ ಆದ. ಹೆಂಡತಿಗೆ ಮಾತ್ರ ಆ ಬಾಗಿಲು ಮುಚ್ಚಿಯೇ ಇತ್ತು. ಅದೇ ವರ್ಷ ಅವನು ಗಂಟಲಿನ ಕ್ಯಾನ್ಸರಿನಿಂದ ಮಾತೂ ಆಡಲಾಗದೆ ಮಲಗಿದ್ದಾಗ ರಾಣಿ ಹೇಳಿ ಕಳಿಸಿದಳು, ಏನಾದರೂ ಬೇಕಾ ಅಂತ. ನನ್ನ ಹೆಂಡತಿಯನ್ನು ಭೇಟಿ ಮಾಡಿ ಅಂದ. ಆಗ ರಾಣಿ ಒಪ್ಪಿದಳು. ಮಿಲೇ ಆಗಸ್ಟಿನಲ್ಲಿ ಹೋದ, ಎಫಿ ಮರುವರ್ಷ ಡಿಸೆಂಬರಿನಲ್ಲಿ.

ಮೊದಲ ರಾತ್ರಿಯ ಪ್ರಶ್ನೆ ಬಿಟ್ಟೇಬಿಟ್ಟೆ ಅಂದುಕೊಳ್ಳಬೇಡಿ. ಈ ಮೂವರ ಪತ್ರಗಳನ್ನೆಲ್ಲ ಹುಡುಕಿ 1960ರ ದಶಕದಲ್ಲಿ ಪ್ರಕಟಿಸಿದವರು ಮೇರಿ ಲುಟ್ಯೆನ್ಸ್. ಹೊಸ ದೆಹಲಿ ಕಟ್ಟಿದ ವಾಸ್ತುಶಿಲ್ಪಿ ಎಡ್ವಿನ್ ಲುಟ್ಯೆನ್ಸ್ ಮಗಳು, ಜಿಡ್ಡು ಕೃಷ್ಣಮೂರ್ತಿಯವರ ಜೀವನಚರಿತ್ರೆ ಬರೆದವರೂ ಇವರೇ. ಅಮೃತಶಿಲೆಯ ನುಣುಪು ಮೂರ್ತಿಗಳನ್ನಷ್ಟೇ ನೋಡಿದ್ದ ರಸ್ಕಿನ್ ನಿಜವಾದ ಹೆಂಗಸಿನ ಮೈಯ ಕೂದಲು ಕಂಡು ಬೆಚ್ಚಿದ್ದಿರಬೇಕು ಅಂತ ಅವರೊಂದು ಊಹೆ ಮುಂದಿಟ್ಟರು. ಊಹೆಯಷ್ಟೇ. ಆದರೆ ಅದು ಎಷ್ಟು ಬಾಯಿಗೆ ಬಿತ್ತು ಅಂದರೆ ಈಗ ಬಹಳ ಜನ ಅದನ್ನೇ ಇತಿಹಾಸ ಅಂದುಕೊಂಡಿದ್ದಾರೆ. ಮುಟ್ಟಿನ ದಿನ ಇದ್ದಿರಬಹುದು ಅನ್ನುವವರಿದ್ದಾರೆ, ಅವನಿಗೆ ಚಿಕ್ಕ ಹುಡುಗಿಯರ ಮೇಲಷ್ಟೇ ಒಲವು ಅನ್ನುವವರಿದ್ದಾರೆ. ಯಾವುದಕ್ಕೂ ಕಾಗದದ ಆಧಾರವಿಲ್ಲ. ಮರ್ಫಿಯ ನಾಟಕ ಮದುವೆಯಾಗಿ ಐದು ವರ್ಷವಾದ ಮೇಲಿನ ಕಥೆ ಎತ್ತಿಕೊಂಡದ್ದು ಇದಕ್ಕೇ ಒಳ್ಳೆಯದಾಯಿತು. ಆ ರಾತ್ರಿ ರಂಗದ ಹೊರಗೇ ಉಳಿಯುತ್ತದೆ.

ಈ ಕಥೆ ಇನ್ನೊಂದು ಸಲ ಕೋರ್ಟ್ ಕಂಡಿತು, ಈ ಸಲ ಅಮೆರಿಕದಲ್ಲಿ. ಎಮ್ಮಾ ಥಾಂಪ್ಸನ್ ಇದೇ ವಿಷಯದ ಮೇಲೆ ಸಿನಿಮಾಕ್ಕೆ ಚಿತ್ರಕಥೆ ಬರೆದಾಗ, ಇದು ನನ್ನ ನಾಟಕದಿಂದ ಎತ್ತಿದ್ದು ಅಂತ ಮರ್ಫಿ ತಕರಾರು ತೆಗೆದರು. 2013ರಲ್ಲಿ ನ್ಯೂಯಾರ್ಕ್‌ನ ಕೋರ್ಟ್ ಎಮ್ಮಾ ಪರ ತೀರ್ಪು ಕೊಟ್ಟಿತು. ‘ಎಫಿ ಗ್ರೇ’ ಸಿನಿಮಾ 2014ರಲ್ಲಿ ಬಂತು. ಇತಿಹಾಸದಲ್ಲಿ ನಡೆದ ಸಂಗತಿಗೆ ಯಾರೂ ಹಕ್ಕುದಾರರಲ್ಲ, ಅದನ್ನು ಹೇಳುವ ನಿಮ್ಮದೇ ರೀತಿಗಷ್ಟೇ ಹಕ್ಕು ಅನ್ನೋದು ಇಂಥ ಕೇಸುಗಳ ತಿರುಳು. ಹಾಗಾಗಿ ಇನ್ನೂ ಯಾರು ಬೇಕಾದರೂ ಇದನ್ನು ಬರೆಯಬಹುದು. ನನ್ನನ್ನು ಕೇಳಿದರೆ, ಯಾರಾದರೂ ಬರೀ ಆ ಮೂರು ತಿಂಗಳನ್ನು, ಏಪ್ರಿಲ್ 25ರಿಂದ ಜುಲೈ 15ರವರೆಗಿನದನ್ನು, ನಾಟಕ ಮಾಡಬೇಕು: ವಕೀಲರು, ಡಾಕ್ಟರುಗಳು, ಲೇಡಿ ಈಸ್ಟ್‌ಲೇಕ್, ಲೆಕ್ಕದ ಪುಸ್ತಕ ಬಿಚ್ಚಿ ಕೂತ ಅತ್ತೆ. ಮಿಲೇ ಬರದಿದ್ದರೂ ನಡೆಯುತ್ತೆ.